ಗೌಡರಿಗಿಂತ ಕಡಿಮೆ

ಪ್ರಶ್ನೆ ನನ್ನದೇ. ನಾಲ್ಕು ಸಲ ಬರೆದು, ಹೊಡೆದು ಹಾಕಿ, ಐದನೆಯ ಸಲಕ್ಕೆ ನಿಂತದ್ದು: "ಈ ಕೆರೆಯ ನೀರು ಕೆಡದಂತೆ ಕಾಪಾಡಲು ನಿಮ್ಮ ಮನೆಯಿಂದ ವರ್ಷಕ್ಕೆ ಹೆಚ್ಚೆಂದರೆ ಎಷ್ಟು ರೂಪಾಯಿ ಕೊಡಬಲ್ಲಿರಿ?" ಎಂಬತ್ತರ ದಶಕದ ನಡುವಿನ ಮಾತು. ಎಂ.ಎ. ಮುಗಿಸಿ ಧಾರವಾಡದಲ್ಲಿ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನಾ ಸಹಾಯಕಿಯಾಗಿದ್ದೆ. ಅಂಗಡಿಯಲ್ಲಿ ಮಾರದ ವಸ್ತುವಿಗೂ ಜನರ ಮನಸ್ಸಿನಲ್ಲಿ ಒಂದು ಬೆಲೆ ಇರುತ್ತದೆ, ಸರಿಯಾಗಿ ಕೇಳಿದರೆ ಅದು ಹೊರಗೆ ಬರುತ್ತದೆ ಎಂದು ಅವರು ಹೊರದೇಶದ ಪತ್ರಿಕೆಗಳಲ್ಲಿ ಓದಿದ್ದರು. ಕೇಳುವ ಬಗೆಯನ್ನು ನನಗೆ ಬಿಟ್ಟರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಒಂದು ಸರ್ಕಾರಿ ಕಚೇರಿಯ ಮುಂದೆ ಎರಡು ಊರುಗಳ ಕುಡಿಯುವ ನೀರಿನ ಕೆರೆಗಳ ಅರ್ಜಿಗಳಿದ್ದವು. ಹೂಳೆತ್ತಿ ಬೇಲಿ ಹಾಕಲು ಹಣ ಇದ್ದದ್ದು ಒಂದಕ್ಕೆ ಮಾತ್ರ. ಯಾವ ಊರಿನವರು ತಮ್ಮ ಕೆರೆಗೆ ಹೆಚ್ಚು ಬೆಲೆ ಕಟ್ಟುತ್ತಾರೋ ಆ ಕೆರೆಗೆ ಆ ಹಣ. ಅದನ್ನು ಅಳೆದು ಹೇಳುವ ಕೆಲಸ ನಮ್ಮ ಪ್ರಾಧ್ಯಾಪಕರಿಗೆ ಬಂದಿತ್ತು.

ಮೊದಲ ಊರು ಶಲವಡಿಯ ಆಚೆಗೆ. ಹೆಸರು ಹೇಳಲು ನನಗೆ ಈಗಲೂ ಮನಸ್ಸಿಲ್ಲ. ಬಾವಿ ತೋಡಿದರೆ ಸವಳು ನೀರು ಬರುವ ಎರೆಭೂಮಿ. ಊರಿಗೆಲ್ಲ ಆ ಕೆರೆಯೊಂದೇ ಗತಿ. ಬಸ್ಸಿಳಿದು ನೇರ ಗೌಡರ ಮನೆಗೆ ಹೋದೆ. ಹಾಗೆ ಹೋಗುವುದೇ ಮರ್ಯಾದೆ ಎಂದು ಎಲ್ಲರೂ ಹೇಳಿದ್ದರು. ಗೌಡರು ಕಟ್ಟೆಯ ಮೇಲೆ ಜಮಖಾನೆ ಹಾಸಿಸಿದರು. ಹತ್ತು ಹನ್ನೆರಡು ಜನ ಸುತ್ತ ಬಂದು ಕುಳಿತರು. ನಾನು ಸೈಕ್ಲೋಸ್ಟೈಲ್ ಹಾಳೆ ತೆಗೆದು, ಎಲ್ಲರೆದುರಿಗೇ, ಗಟ್ಟಿ ಧ್ವನಿಯಲ್ಲಿ ಕೇಳಿದೆ.

ಗೌಡರು ಮೀಸೆ ಸವರಿಕೊಂಡರು. "ಹೆಚ್ಚ ಹೇಳಿದ್ರ ನಾಳೆ ಅದ ಕರಾ ಆಗಿ ಬರತೈತಿ. ಎರಡು ರೂಪಾಯಿ ಬರಕೋರಿ ಅಕ್ಕೋರ."

ಬರೆದುಕೊಂಡೆ. ಮುಂದಿನ ಮನೆಯಲ್ಲಿ ಒಂದೂವರೆ. ಅದರ ಮುಂದಿನದರಲ್ಲಿ ಒಂದು. ಮತ್ತೆ ಒಂದು. ಇವರಿಗೆ ಕೆರೆಯ ಬಗ್ಗೆ ಕಾಳಜಿಯೇ ಇಲ್ಲವಲ್ಲ ಎಂದು ಸಿಟ್ಟು ಬಂತು, ಹಾಳೆಯ ಅಂಚಿನಲ್ಲಿ ಹಾಗೆಯೇ ಬರೆದೂಬಿಟ್ಟೆ.

ಸಂಜೆ ಕೆರೆಯ ಪಾವಟಿಗೆಯ ಮೇಲೆ ಒಬ್ಬ ಹೆಂಗಸು ಸಿಕ್ಕಳು. ಗಂಡ ಇಲ್ಲದ, ಐವತ್ತು ದಾಟಿದ ರೈತ ಹೆಂಗಸು. ಯಾರಾದರೂ ನೀರಿಗೆ ಕಾಲಿಟ್ಟರೆ ಬೈದು ಮೇಲೆ ಹತ್ತಿಸುತ್ತಿದ್ದಳು. ಆ ಕೆಲಸಕ್ಕೆ ಅವಳನ್ನು ಯಾರೂ ನೇಮಿಸಿರಲಿಲ್ಲ. ಅವಳಿಗೂ ಅದೇ ಪ್ರಶ್ನೆ ಹಾಕಿದೆ.

"ಗೌಡ್ರು ಎಷ್ಟು ಹೇಳ್ಯಾರ್ರಿ?" ಎಂದಳು.

"ಅದು ಬ್ಯಾಡ್ರಿ ಅವ್ವಾರ. ನಿಮ್ಮ ಮನಸಿನ್ಯಾಗ ಇದ್ದದ್ದು ಹೇಳ್ರಿ."

"ಅದು ಗೊತ್ತಿಲ್ಲದ ನಾ ಹೆಂಗ ಹೇಳ್ಲಿ?"

ಹೊತ್ತಾಗುತ್ತಿತ್ತು. ಎರಡು ಎಂದೆ. ಅವಳು ಒಂದು ಬೆರಳು ಎತ್ತಿದಳು. "ಹಂಗಾರ ಒಂದು ಬರೀರಿ. ನನ್ನ ಮನಸಿನ್ಯಾಗ ಇದ್ದದ್ದು ಬ್ಯಾರೆ ಐತಿ. ಅದನ್ನ ಹೇಳಿದ್ರ ದೊಡ್ಡವರನ್ನ ಮೀರಿದಂಗ ಆಗತೈತಿ."

ಒಂದು ಎಂದು ಬರೆದೆ. ಮನಸ್ಸಿನಲ್ಲಿ ಇದ್ದದ್ದು ಎಷ್ಟು ಎಂದು ಕೇಳಲೇ ಇಲ್ಲ.

ಎರಡನೆಯ ಊರಿನ ಗೌಡರು ಪರಸ್ಥಳಕ್ಕೆ ಹೋಗಿದ್ದರು. ಹಾಗಾಗಿ ಶಾಲೆಯ ಹೆಡ್ ಮಾಸ್ತರರ ಮನೆಯಿಂದ ಶುರು ಮಾಡಿದೆ. ಪುಸ್ತಕ ಓದಿಕೊಂಡ ಮನುಷ್ಯ, ಇಪ್ಪತ್ತು ರೂಪಾಯಿ ಎಂದರು. ಆ ಊರು ಹದಿನೈದು, ಹದಿನೆಂಟು ಎನ್ನುತ್ತ ಹೋಯಿತು.

ಧಾರವಾಡದಲ್ಲಿ ಹಾಳೆಗಳನ್ನು ಜೋಡಿಸುವಾಗ ಕಣ್ಣಿಗೆ ಬಿತ್ತು. ಒಂದು ಊರಿನಲ್ಲಿ ಎರಡು ರೂಪಾಯಿ ದಾಟಿದವರಿಲ್ಲ, ಇನ್ನೊಂದರಲ್ಲಿ ಇಪ್ಪತ್ತು ದಾಟಿದವರಿಲ್ಲ. ಕುಬಿಹಾಳದ ನನ್ನ ಅಜ್ಜ ನೆನಪಾದರು. ಮಠಕ್ಕೋ ಭಜನಿ ಮನೆಗೋ ವಂತಿಗೆಯ ಪಟ್ಟಿ ಎತ್ತುವವರು ಮೊದಲು ಗೌಡರ ಅಂಕಿ ಓದುತ್ತಿದ್ದರು. ಅಜ್ಜನ ಕೈಯಲ್ಲಿ ಅದಕ್ಕಿಂತ ಹೆಚ್ಚು ಕೊಡುವ ಶಕ್ತಿ ಇದ್ದ ವರ್ಷವೂ ಒಂದು ರೂಪಾಯಿ ಕಡಿಮೆಯನ್ನೇ ಬರೆಸುತ್ತಿದ್ದರು. ಇದು ನಾನು ಕಣ್ಣಾರೆ ಕಂಡು ಬೆಳೆದದ್ದು. ಹೊರದೇಶದ ಪತ್ರಿಕೆಗಳಿಗೆ ಇದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾನು ಅಳೆದು ತಂದದ್ದು ಕೆರೆಯ ಬೆಲೆಯನ್ನಲ್ಲ, ಇಬ್ಬರು ದೊಡ್ಡ ಮನುಷ್ಯರ ಮಾತನ್ನು.

ಆ ಮಧ್ಯಾಹ್ನವೇ ಪ್ರಾಧ್ಯಾಪಕರ ಕೋಣೆಗೆ ಹೋದೆ, ಎಲ್ಲ ಹೇಳಿಬಿಡಬೇಕೆಂದು. ಅವರು ನನ್ನ ಪ್ರಶ್ನಾವಳಿಯನ್ನು ಯಾರಿಗೋ ತೋರಿಸುತ್ತಿದ್ದರು. "ಇಷ್ಟು ಸ್ವಚ್ಛ ಕೆಲಸಾ ನಾ ನೋಡಿಲ್ಲ," ಎಂದರು. ನಾನು ನಕ್ಕು ಹೊರಗೆ ಬಂದೆ. ಮರುದಿನ ಹೇಳಿದರಾಯಿತು ಎಂದುಕೊಂಡೆ. ವರದಿ ಹೋಯಿತು. ಹಣ ಎರಡನೆಯ ಊರಿಗೆ ಬಂತು.

ಮೂರು ವರ್ಷದ ಮೇಲೆ ಬೇರೊಂದು ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಮೊದಲ ಊರಿನಲ್ಲಿ ಇಳಿದೆ. ಕೆರೆ ಹೂಳು ತುಂಬಿ ಹಸಿರುಗಟ್ಟಿತ್ತು. ನಡುವೆ ಎಮ್ಮೆಗಳು ಮಲಗಿದ್ದವು. ಕುಡಿಯುವ ನೀರಿಗೆ ಹೆಂಗಸರು ಎರಡು ಮೈಲಿ ಆಚೆಯ ಕಾಲುವೆಗೆ ಹೋಗುತ್ತಿದ್ದರು. ಆ ಹೆಂಗಸು ನನ್ನನ್ನು ದೂರದಿಂದಲೇ ಗುರುತು ಹಿಡಿದಳು. ಮನೆಗೆ ಕರೆದು ಕೂಡಿಸಿ ತಂಬಿಗೆ ತುಂಬ ನೀರು ಕೊಟ್ಟಳು. ಅಷ್ಟು ದೂರದಿಂದ ಹೊತ್ತು ತಂದ ನೀರು. ಕುಡಿಯಲು ನಾಚಿಕೆಯಾಯಿತು, ಆದರೂ ಕುಡಿದೆ.

"ಒಂದು ಕೇಳೂದಿತ್ತರಿ ಅಕ್ಕೋರ," ಎಂದಳು. "ನಾವು ಕಡಿಮಿ ಹೇಳಿದ್ದಕ್ಕ ಹಿಂಗಾತೇನು? ಗೌಡ್ರು ಹಂಗ ಅಂತಾರ. 'ನಾ ಎರಡು ಅಂದು ಊರು ಕೆಡಿಸಿದೆ' ಅಂತ ಅವರು ಊಟಾನೂ ಸರಿಯಾಗಿ ಮಾಡೂದಿಲ್ಲ."

"ಇಲ್ರಿ ಅವ್ವಾರ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಮತ್ತ ತಪ್ಪು ಯಾರದರಿ?"

"ಆಫೀಸಿನವರದು," ಎಂದೆ.

ಅವಳ ಮುಖ ಹಗುರಾಯಿತು. ಗೌಡರಿಗೆ ಈಗಲೇ ಹೇಳಿ ಬರುತ್ತೇನೆಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. ನನ್ನನ್ನೂ ಕರೆದಳು. ಬಸ್ಸಿಗೆ ಹೊತ್ತಾಯಿತು ಎಂದು ನಾನು ಹೋಗಲಿಲ್ಲ.