ನಾಲಿಗೆ ಇಲ್ಲದ ಗಂಟೆ

ಯಾರಾದರೂ ದೆವ್ವದ ಕಥೆಯನ್ನೋ ಪವಾಡದ ಕಥೆಯನ್ನೋ ಶುರು ಮಾಡಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನೀವೇ ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ?" ಬಹಳ ಜನ ಅಲ್ಲಿಗೇ ತಣ್ಣಗಾಗುತ್ತಿದ್ದರು. ಆಗದವರಿಗೆ, "ಆವತ್ತು ನಿಮಗೆ ಜ್ವರ ಇತ್ತೇ?" ಎಂದು ಕೇಳುತ್ತಿದ್ದೆ. ಸಾಂಗ್ಲಿಯ ಒಂದು ಮರಾಠಿ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಮದುವೆ ಮನೆಗಳಲ್ಲಿ ನಾನು ಕುಳಿತ ಪಂಕ್ತಿಯಲ್ಲಿ ಯಾರೂ ಇಂಥ ಮಾತು ತೆಗೆಯುತ್ತಿರಲಿಲ್ಲ ಎಂಬುದು ನನಗೆ ಹೆಮ್ಮೆಯ ವಿಷಯವಾಗಿತ್ತು. ಅವರು ನನ್ನ ಪಕ್ಕ ಕೂರುವುದನ್ನೇ ತಪ್ಪಿಸುತ್ತಿದ್ದರು ಎಂದು ಹೆಂಡತಿ ಹೇಳುತ್ತಾಳೆ. ಈಗ ನಾನೇ ಅಂಥದೊಂದನ್ನು ಹೇಳಲು ಹೊರಟಿದ್ದೇನೆ. ಕಣ್ಣಾರೆ ಕಂಡದ್ದು. ಜ್ವರ ಇರಲಿಲ್ಲ.

ಎರಡು ವರ್ಷದ ಹಿಂದೆ ಮಿರಜಿನ ಒಂದು ಹಳೆಯ ಕಟ್ಟಡದಲ್ಲಿ ಸಣ್ಣ ವಸ್ತುಸಂಗ್ರಹಾಲಯ ತೆರೆಯುವ ತಯಾರಿ ನಡೆದಿತ್ತು. ಅದನ್ನು ಸಜ್ಜು ಮಾಡುತ್ತಿದ್ದವಳು ಸಾಯಲಿ, ನನ್ನ ಹಳೆಯ ವಿದ್ಯಾರ್ಥಿನಿ. ಪುಣೆಯಲ್ಲಿ ಇದೇ ವಿದ್ಯೆ ಕಲಿತು ಬಂದಿದ್ದಳು. ರಾಜರ ಕತ್ತಿ ಗುರಾಣಿ ಎಲ್ಲ ಊರಲ್ಲೂ ಇವೆ, ನನಗೆ ಈ ಊರಿನ ಮನೆಗಳು ಬೇಕು ಎಂಬುದು ಅವಳ ಹಟ. ಹಾಗಾಗಿ ಅಲ್ಲಿಗೆ ಅರ್ಧ ಕೆತ್ತಿ ಬಿಟ್ಟ ಸಿತಾರಿನ ಸೋರೆಬುರುಡೆ ಬಂತು, ಮಕ್ಕಳಿಗೆ ಕುರಾನ್ ಕಲಿಸಲು ಬಳಸುತ್ತಿದ್ದ ಮರದ ಹಲಗೆ ಬಂತು. ಹತ್ತಿರದ ಖಂಡೇರಾಜುರಿಯ ಒಂದು ಬೌದ್ಧ ಕುಟುಂಬ, ತಮ್ಮ ಅಜ್ಜ ಮೊದಲ ಸಲ ತನ್ನ ಹೆಸರು ಬರೆದ ಪಾಟಿಯನ್ನು ಕೊಟ್ಟಿತು. ಆ ಪಾಟಿಯ ಮುಂದೆ ನನ್ನಂಥ ಒರಟನೂ ಚಪ್ಪಲಿ ಕಳಚಿ ನಿಂತ.

ಬರದೇ ಇದ್ದದ್ದು ನಮ್ಮವರ ಮನೆಯದು. ಈ ಭಾಗದಲ್ಲಿ ಕನ್ನಡ ಮೂಲದ ಜೈನ ಮನೆತನಗಳು ಬೇಕಾದಷ್ಟಿವೆ. ಹೊರಗೆ ಮರಾಠಿ, ಒಲೆಯ ಮುಂದೆ ಮಾತ್ರ ಕನ್ನಡ. ನಮ್ಮ ಮನೇಲಿ ಅಂಥಾದ್ದೇನಿದೆ ಎಂದು ಎಲ್ಲರೂ ನುಣುಚಿಕೊಂಡರು. ನನಗೆ ಸಿಟ್ಟು ಬಂತು. ಎಲ್ಲರೂ ಇರುವ ಹಾಲ್‌ನಲ್ಲಿ ನಾವೇ ಇಲ್ಲವೆಂದರೆ ಹೇಗೆ? ಸಾಂಗ್ಲಿಯ ವಿಶ್ರಾಮಬಾಗದ ನಮ್ಮ ಫ್ಲ್ಯಾಟಿನ ಕಪಾಟಿನ ಮೇಲೆ ಒಂದು ಹಳೆಯ ಹಿತ್ತಾಳೆ ಪಾತ್ರೆ ಇತ್ತು. ಬೇಡಗ ಎಂಬ ಹಳ್ಳಿಯಲ್ಲಿ ನನ್ನ ತಾಯಿಯ ತವರುಮನೆ ಕೆಡವಿದಾಗ ಚಂಪಾಮಾವಶಿ, ಅಂದರೆ ನನ್ನ ತಾಯಿಯ ತಂಗಿ, "ಜ್ವಾಕಿಯಾಗಿ ಇಟಗೋ" ಎಂದು ಕೊಟ್ಟದ್ದು. ಅವಳನ್ನು ಒಂದು ಮಾತೂ ಕೇಳದೆ ಅದನ್ನು ಒಯ್ದು ಕೊಟ್ಟುಬಿಟ್ಟೆ.

ಇದು ಏನು ಸರ್ ಎಂದು ಸಾಯಲಿ ಕೇಳಿದಳು. ನೋಡಲು ತಂಬಿಗೆಯ ಹಾಗೆ, ಆದರೆ ತಳಕ್ಕೆ ಒಂದು ಗಟ್ಟಿ ಬಳೆ ಬೆಸೆದಿತ್ತು. ತಂಬಿಗೆಯ ತಳಕ್ಕೆ ಯಾರಾದರೂ ಬಳೆ ಹಾಕುತ್ತಾರೆಯೇ? ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನ ಬಾಯಿಗೆ 'ಗೊತ್ತಿಲ್ಲ' ಎಂಬ ಶಬ್ದ ಬರುವುದಿಲ್ಲ. "ಗಂಟೆ. ಬಸದಿಯದು. ನಾಲಿಗೆ ಕಳೆದುಹೋಗಿದೆ," ಎಂದೆ. ಅವಳು ಭಕ್ತಿಯಿಂದ ಬರೆದುಕೊಂಡಳು. ಹಾಲ್‌ನ ನಟ್ಟನಡುವೆ, ಬಳೆಗೆ ತಂತಿ ಹಾಕಿ, ಬಾಯಿ ಕೆಳಗಾಗಿ ತೂಗುಹಾಕಿದರು. ಕೆಳಗೆ ಮರಾಠಿ, ಇಂಗ್ಲಿಷಿನಲ್ಲಿ ಚೀಟಿ: ಬಸದಿಯ ಗಂಟೆ, ನಾಲಿಗೆ ಲಭ್ಯವಿಲ್ಲ.

ಮರುದಿನ ಬೆಳಿಗ್ಗೆ ಗಂಟೆಯ ಕೆಳಗೆ ನೆಲ ಒದ್ದೆಯಾಗಿತ್ತು.

ಸಾಯಲಿ ಕಾವಲುಗಾರ ದಸ್ತಗೀರಮಾಮಾನಿಗೆ ನೆಲ ಸರಿಯಾಗಿ ಒರೆಸಿ ಎಂದಳು. ಒರೆಸಿದ. ಅದರ ಮರುದಿನವೂ ಒದ್ದೆ. ಮಳೆಗಾಲ ದೂರವಿತ್ತು. ಬಿಸಿಲಿಗೆ ಮಿರಜ್ ಹಪ್ಪಳವಾಗಿತ್ತು. ಸೂರು ಸೋರುತ್ತಿಲ್ಲ, ಹತ್ತಿರ ನಳವಿಲ್ಲ. ನನ್ನನ್ನು ಕರೆಸಿದರು. ನಾನು ಹೋದವನೇ, ಗಾಳಿಯಲ್ಲಿರುವ ತೇವಾಂಶ ತಣ್ಣನೆಯ ಲೋಹಕ್ಕೆ ತಾಗಿ ಹನಿಯಾಗುತ್ತದೆ ಎಂದು ಒಂದು ಪೂರ್ತಿ ಪಿರಿಯಡ್ ಪಾಠ ಹೇಳಿದೆ. ಮಾಮಾ ಬಟ್ಟೆ ಹಿಂಡುತ್ತ ಕೇಳಿಸಿಕೊಂಡ. ಅವನ ತಾಯಿ ಅಥಣಿ ಕಡೆಯವಳು, ನನ್ನೊಂದಿಗೆ ಕನ್ನಡವನ್ನೇ ಆಡುತ್ತಾನೆ.

"ಖರೇ ಐತ್ರಿ ಸರ್," ಎಂದ. "ಆದ್ರ ಬಾಜೂಕ ತಾಮ್ರದ ಹಂಡೆ ಐತಿ, ಇಸ್ತ್ರಿ ಪೆಟಗಿ ಐತಿ. ಅವಕ್ಯಾಕ ತೇವಾಂಶ ಬರಾಂಗಿಲ್ಲ?"

ಇದು ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಯಾರಾದರೂ ಒಳ್ಳೆಯ ಪ್ರಶ್ನೆ ಕೇಳಿದರೆ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ, ಅವನ ಮೇಲೆಯೇ ಸಂಶಯಪಟ್ಟೆ. ಗಂಟೆಯ ಕೆಳಗೆ ಒಂದು ಸ್ಟೀಲಿನ ತಾಟು ಇಡಿಸಿ, ಗಂಟೆಯ ಒಳಗೂ ಹೊರಗೂ ನಾನೇ ಒರೆಸಿ, ಬಾಗಿಲಿಗೆ ನನ್ನದೇ ಕೀಲಿ ಹಾಕಿ, ಕೀಲಿಕೈಯನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಬೆಳಿಗ್ಗೆ ಹೋಗಿ ತೆಗೆದರೆ ತಾಟು ತುಂಬಿತ್ತು. ಮಾಮಾ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ನೀರನ್ನು ಚೆಲ್ಲಬೇಡ, ಪರೀಕ್ಷೆಗೆ ಬೇಕು ಎಂದೆ. ಏನು ಪರೀಕ್ಷೆ ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ.

ಉದ್ಘಾಟನೆಗೆ ಒಂದೇ ದಿನ ಉಳಿದಿತ್ತು. ಆಗ ಚಂಪಾಮಾವಶಿಯ ಫೋನು. ಆಮಂತ್ರಣ ಯಾರ ಕೈಯಿಂದಲೋ ಅವಳಿಗೆ ಮುಟ್ಟಿತ್ತು. ಸಮಾರಂಭ ಸಂಜೆಗೆ, ಅತಿಥಿಗಳು ಬಂದು ಭಾಷಣ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗಿದ ಮೇಲೆ ಅವಳು ತುತ್ತು ಮುಟ್ಟುವುದಿಲ್ಲ. "ನಿಮ್ಮ ಭಾಷಣಕ್ಕ ನಾ ಉಪಾಸ ಇರಾಕಿ ಅಲ್ಲ. ಇವತ್ತ ನೋಡಿ ಹೋಗತೇನಿ," ಎಂದಳು. ಬೇಡವೆನ್ನಲು ನನಗೆ ನೆವ ಸಿಗಲಿಲ್ಲ. ಐದೂವರೆಗೆ ಆಟೋ ಬಂದು ನಿಂತಿತು.

ಎಂಬತ್ತು ದಾಟಿದ ಹೆಂಗಸು. ಹೆಗಲಿಗೆ ಯಾವಾಗಲೂ ಒಂದು ಚೀಲ, ಅದರಲ್ಲಿ ಒಂದು ಲೋಟ, ನೀರು ಸೋಸಲು ಎರಡು ಮಡಿಕೆಯ ದಪ್ಪ ಬಿಳಿ ಬಟ್ಟೆ. ಸೋಸದ ನೀರು ಅವಳ ಗಂಟಲಿಗೆ ಇಳಿದದ್ದಿಲ್ಲ. ಪಾಟಿ ನೋಡಿದಳು, ಕೈ ಮುಗಿದಳು. ಹಲಗೆ ನೋಡಿದಳು, ಅದಕ್ಕೂ ಮುಗಿದಳು. ನಡುವೆ ಬಂದು ತಲೆಯೆತ್ತಿ ನೋಡಿದವಳೇ ನಿಂತುಬಿಟ್ಟಳು.

"ಇದನ್ನ ಯಾರ ಬೋರಲ ಹಾಕ್ಯಾರ?"

ಅವಳ ನೋಟ ಎತ್ತ ಇದೆಯೆಂದು ಕಂಡು ಸಾಯಲಿ ಮರಾಠಿಯಲ್ಲಿ, ಇದು ಬಸದಿಯ ಗಂಟೆ ಆಜಿ, ಸರ್ ಹೇಳಿದರು ಎಂದಳು. ಮಾವಶಿ ನನ್ನತ್ತ ತಿರುಗಿದಳು. ಶಾಲಾ ಇನ್ಸ್‌ಪೆಕ್ಟರ್ ಬಿಟ್ಟರೆ ಈವರೆಗೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

"ಗಂಟಿ? ನಿಮ್ಮ ಅವ್ವ ದಿನಾ ಮುಂಜಾನೆ ಇದನ್ನ ಹಿಡಕೊಂಡ ಬಾವಿಗೆ ಹೋಗತಿದ್ಳು. ಗಂಟಿ ಬಾರಸಾಕ ಹೋಗತಿದ್ಳೇನೋ?"

ಆಮೇಲೆ ಅವಳು ಹೇಳಿದ್ದು ಇದು. ಬಾವಿಯ ನೀರು ಸೋಸಿದಾಗ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿಯುತ್ತವೆ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಈ ತಂಬಿಗೆಗೆ ಹಾಕುತ್ತಾರೆ. ಅದಕ್ಕೆ ಜೀವಾಣಿ ಎನ್ನುತ್ತಾರೆ. ಮೇಲಿನಿಂದ ಸುರಿದರೆ ಆ ಜೀವಗಳು ಅಪ್ಪಳಿಸಿ ಸಾಯುತ್ತವೆ. ಅದಕ್ಕೇ ತಂಬಿಗೆಯ ಕೊರಳಿಗೆ ಒಂದು ಹಗ್ಗ, ತಳದ ಬಳೆಗೆ ಇನ್ನೊಂದು. ಮೆಲ್ಲಗೆ ಇಳಿಸಿ, ನೀರಿಗೆ ತಾಗಿದ ಮೇಲೆ ತಳದ ಹಗ್ಗ ಎಳೆದರೆ ತಂಬಿಗೆ ಅಲ್ಲಿಯೇ ಮಗುಚುತ್ತದೆ. ಬಂದಲ್ಲಿಗೇ ಅವು ಹೋಗುತ್ತವೆ. ನನ್ನ ಅವ್ವ ಇದನ್ನು ಮಾಡುತ್ತಿದ್ದಳು, ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಬೇಡಗಕ್ಕೆ ಹೋದಾಗ ನಾನು ಪಕ್ಕದಲ್ಲೇ ನಿಂತಿರಬೇಕು. ನೆನಪೇ ಇಲ್ಲ. ಆಗ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

"ಇದನ್ನ ನಾ ಒಯ್ತೇನಿ," ಎಂದಳು ಮಾವಶಿ. "ನಿಮಗ ಇದರ ಗುರ್ತ ಇಲ್ಲ."

ಸಾಯಲಿಗೆ ಕನ್ನಡ ಬಾರದಿದ್ದರೂ ಇದು ಅರ್ಥವಾಯಿತು. ಅವಳ ಮುಖ ಇಳಿಯಿತು. ನನ್ನದೂ ಇಳಿಯಿತು. ಇದೊಂದು ಹೋದರೆ ಈ ಹಾಲ್‌ನಲ್ಲಿ ನಮ್ಮವರ ಗುರುತೇ ಉಳಿಯುವುದಿಲ್ಲ. ಅವಳನ್ನು ಒಪ್ಪಿಸಲು ನನಗೆ ಮುಖವೂ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ಅದು ರಾತ್ರಿ ನೀರು ಸುರಿಯುತ್ತದೆ ಎಂಬುದನ್ನು ಬಾಯಿಬಿಟ್ಟೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಬೋರಲ ಹಾಕಿದ್ರ ಸುರೀತೈತಿ. ಮತ್ತೇನ ಮಾಡಬೇಕ ಅದು?" ಎಂದಳು.

ಮಾಮಾ ತಾಟು ತಂದು ಮುಂದಿಟ್ಟ. ಮಾವಶಿ ಚೀಲದಿಂದ ಬಟ್ಟೆ ತೆಗೆದು, ಲೋಟಕ್ಕೆ ಹಿಡಿದು, ನಿಧಾನ ಸೋಸಿ, ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಲೋಟವನ್ನು ನನ್ನ ಕೈಗೆ ಕೊಟ್ಟಳು. ಪರೀಕ್ಷೆ ಮಾಡುವುದು ನನ್ನ ಧರ್ಮ, ಕುಡಿದೆ. ಮೊದಲು ತುಸು ಸವಳು, ಗಂಟಲಿಗೆ ಇಳಿದ ಮೇಲೆ ಒಂಚೂರು ಸಿಹಿ. ಬೇಡಗದ ನಮ್ಮ ಬಾವಿಯ ನೀರು. ಬೇಸಿಗೆ ರಜೆಯ ನೀರು. ಆ ಬಾವಿಯನ್ನು ಮುಚ್ಚಿ, ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ ಕಟ್ಟಿ ಹದಿನೈದು ವರ್ಷವಾಗಿತ್ತು. ನನಗೆ ಅಳು ಬಂತು, ಏಕೆಂದು ಕೇಳಬೇಡಿ. ಮಾಮಾ ಕೇಳಿದ, ಅವನಿಗೆ ಕೆಮ್ಮು ಎಂದೆ.

ಈಗ ಹೊಸ ಪೇಚು. ಬಟ್ಟೆಯಲ್ಲಿ ಜೀವಾಣಿ ಉಳಿದಿತ್ತು. ಅದನ್ನು ಬಂದಲ್ಲಿಗೇ ಬಿಡಬೇಕು, ಬಂದ ಬಾವಿಯೇ ಇಲ್ಲ. ಮಾವಶಿ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಳು. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು, ಅವಳ ಊಟದ ಹೊತ್ತು ಮೀರುತ್ತಿತ್ತು.

"ಕೃಷ್ಣಾ ನದಿಗೆ ಬಿಟ್ಟ ಬರಲೇನ್ರಿ ಆಜಿ?" ಎಂದ ಮಾಮಾ.

"ಬ್ಯಾರೆ ನೀರಾಗ ಬದಕತಾವೇನೋ? ನಿನ್ನ ಒಯ್ದ ಮುಂಬೈದಾಗ ಬಿಟ್ರ ಹೆಂಗಾಗತೈತಿ?"

ಮಾಮಾ ಒಪ್ಪಿಕೊಂಡ. ಮಾವಶಿ ತಂಬಿಗೆಯತ್ತ ಕೈ ತೋರಿಸಿದಳು. "ಈ ನೀರ ಬಂದದ್ದ ಅದರಾಗಿಂದ. ಇಳಸ್ರಿ ಅದನ್ನ," ಎಂದಳು. ಇಳಿಸಿ, ಮೇಜಿನ ಮೇಲೆ ಬಾಯಿ ಮೇಲಾಗಿ ಇಟ್ಟೆವು. ಅವಳು ಬಟ್ಟೆ ಮಗುಚಿ, ಲೋಟದಲ್ಲಿ ಉಳಿದಿದ್ದ ನೀರಿನಿಂದ ತೊಳೆದು, ಅದರೊಳಗೇ ಬಿಟ್ಟಳು. ಒಂದು ಬೊಗಸೆ ಆಗಬಹುದು. ಚೀಲ ಹೆಗಲಿಗೇರಿಸಿದಳು.

"ನಾ ಒಯ್ಯಾಂಗಿಲ್ಲ. ಈಗ ಅದನ್ನ ಅಲಗಾಡಸಬಾರದು. ಇಲ್ಲೇ ಇರಲಿ. ನಡಿ, ಹೊತ್ತ ಮುಣಗತೈತಿ."

ರಾತ್ರಿಯೇ ಸಾಯಲಿ ಚೀಟಿ ಬದಲಿಸಿದಳು. ಈ ಸಲ ಮೂರು ಭಾಷೆ, ಮೊದಲನೆಯದು ಕನ್ನಡ. ಮಾವಶಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಟ್ಟೆ. ಅದೇ ಮೇಜಿನ ಮೇಲೆ, ಅಲುಗಿಸದೆ ಮೇಲಿಂದ ಕವಿಸಿದ ಗಾಜಿನ ಪೆಟ್ಟಿಗೆಯಲ್ಲಿ ತಂಬಿಗೆ ನೆಟ್ಟಗೆ ಕುಳಿತಿತು. ಅಂದಿನಿಂದ ನೆಲಕ್ಕೆ ಒಂದು ಹನಿ ಬಿದ್ದಿಲ್ಲ. ಅದನ್ನು ನೋಡಿದ ಮೇಲೆ ನಮ್ಮ ಜನ ಒಬ್ಬೊಬ್ಬರಾಗಿ ಅಡುಗೆಮನೆಯ ಸಾಮಾನು ತರತೊಡಗಿದರು. ಅದೇನೆಂದು ಸಾಯಲಿ ಈಗ ನನ್ನನ್ನು ಕೇಳುವುದಿಲ್ಲ, ಮಾವಶಿಗೆ ಫೋನು ಮಾಡುತ್ತಾಳೆ.

ತಿಂಗಳಿಗೊಮ್ಮೆ ನಾನು ಹೋಗುತ್ತೇನೆ. ಮಾಮಾ ಪೆಟ್ಟಿಗೆಯ ಕೀಲಿ ತೆಗೆಯುತ್ತಾನೆ. ಮೊಬೈಲಿನ ಬೆಳಕು ಬಿಟ್ಟು ತಂಬಿಗೆಯೊಳಗೆ ನೋಡುತ್ತೇನೆ. ಎರಡು ಬೇಸಿಗೆ ಕಳೆದಿವೆ, ಆ ಬೊಗಸೆ ನೀರು ಇಂಗಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ನೀರು ನಿಧಾನ ಆರುತ್ತದೆ ಎಂದು ನಾನು ಒಂದು ವರ್ಷ ನನಗೇ ಪಾಠ ಹೇಳಿಕೊಂಡೆ. ಎರಡನೆಯ ವರ್ಷ ಬಿಟ್ಟುಬಿಟ್ಟೆ. ಕಣ್ಣಾರೆ ಕಂಡದ್ದನ್ನು ಹೇಳಿದ್ದೇನೆ. ಇದಕ್ಕೆ ಕಾರಣ ಏನು ಎಂದರೆ, ನನಗೆ ಗೊತ್ತಿಲ್ಲ. ನೋಡಿ, ಆ ಶಬ್ದ ಬಾಯಿಗೆ ಬಂತು.

ನಾನು ಹೋಗಿ ಬಂದದ್ದು ಮಾವಶಿಗೆ ಹೇಗೋ ತಿಳಿಯುತ್ತದೆ. ಆ ಸಂಜೆ, ಹೊತ್ತು ಮುಳುಗುವ ಮೊದಲು, ಊಟ ಮುಗಿಸಿ ಫೋನು ಮಾಡುತ್ತಾಳೆ. ಕೇಳುವುದು ಒಂದೇ ಪ್ರಶ್ನೆ.

"ಬಾವ್ಯಾಗ ನೀರ ಐತೇನೋ?"

"ಐತಿ, ಮಾವಶಿ."