ಒಡೆಯದ ಲಕೋಟೆ, ಒಳಗೆ ಕುಸುರೆಳ್ಳು

ಹಳೆಯ ಲಕೋಟೆಯೊಂದನ್ನು ಒಡೆಯಲು ಹೊರಟ ಹಿರಿಯ ಹೆಂಗಸಿನ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರದೇ ಮನೆ, ಅವರದೇ ಹೆಸರಿಗೆ ಬಂದ ಲಕೋಟೆ. ನಾನು ಚಹಾ ಕುಡಿಯಲು ಬಂದ ಅತಿಥಿ. ಇದೆಂಥ ಅಧಿಕಪ್ರಸಂಗ ಅಂತೀರಾ?

ಹೇಳಿಬಿಡುತ್ತೇನೆ. ನನಗೊಂದು ಚಟವಿದೆ. ನಾಟಕ ಕಂಪನಿಗಳ ನಟ ನಟಿಯರ ಫೋಟೋ ಅಚ್ಚು ಹಾಕಿದ ಹಬ್ಬದ ಗ್ರೀಟಿಂಗ್ ಕಾರ್ಡುಗಳನ್ನು ಕೂಡಿಡುತ್ತೇನೆ. ಜೊತೆಗೆ ಹ್ಯಾಂಡ್‌ಬಿಲ್ಲು, ಟಿಕೆಟ್ಟು, ಯಾವುದೋ ರಾಜನ ಕಿರೀಟದಿಂದ ಉದುರಿದ ಗಾಜಿನ ಹರಳು. (ನಮ್ಮ ಯಜಮಾನರು ಇದನ್ನೆಲ್ಲ ರದ್ದಿ ಎನ್ನುತ್ತಾರೆ. ನೆರೂಳದ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅವರ ಮಾತೂ ಸುಳ್ಳಲ್ಲ.)

ನಮ್ಮ ಗದಗ, ಹುಬ್ಬಳ್ಳಿ ಕಡೆ ಸಂಕ್ರಮಣಕ್ಕೆ ಕಾರ್ಡು ಕಳಿಸುತ್ತಿದ್ದ ರೂಢಿ ನಿಮಗೆ ನೆನಪಿರಬಹುದು. ಕಾರ್ಡಿನ ಜೊತೆ ಪುಟ್ಟ ಪೊಟ್ಟಣದಲ್ಲಿ ಚಿಟಿಕೆ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಕಟ್ಟಿದ ಎಳ್ಳು. ಅದನ್ನು ಬಾಯಿಗೆ ಹಾಕಿಕೊಂಡರೆ ಹಳೆಯ ಜಗಳ ಮುಗಿದಂತೆ. ಬೇಡವೆಂದರೆ ಜಗಳ ಇನ್ನೂ ಇದೆ ಎಂದೇ ಲೆಕ್ಕ.

ಡೊಂಬಿವಲಿಯ ಸುಶೀಲಕ್ಕ ಒಂದು ಕಾಲದಲ್ಲಿ ಕಂಪನಿ ನಾಟಕದ ನಾಯಕಿ. ಈಗ ಮಗಳ ಮನೆಯಲ್ಲಿದ್ದಾರೆ. ವಿಳಾಸ ಸಿಕ್ಕಿದ್ದೇ ತಡ, ಲೋಕಲ್ ರೈಲುಗಳನ್ನು ತಾಸುಗಟ್ಟಲೆ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕನ್ನೂ ಲೆಕ್ಕಿಸದೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಹೋದೆ. ಚಹಾ ಆರುವ ಮೊದಲೇ ಟ್ರಂಕು ತೆಗೆಸಿದೆ. ಕಾರ್ಡುಗಳ ನಡುವೆ ಆ ಲಕೋಟೆ ಇತ್ತು. ಮೂವತ್ತು ವರ್ಷ ಹಿಂದಿನ ಅಂಚೆ ಮುದ್ರೆ, ಅಂಟು ಬಿಟ್ಟಿಲ್ಲ. ಅಲುಗಿಸಿದರೆ ಒಳಗೆ ಕುಸುರೆಳ್ಳಿನ ಸರಸರ ಸದ್ದು.

“ಇದು ಕಸ್ತೂರಿ ಕಳಿಸಿದ್ದು,” ಎಂದರು ಸುಶೀಲಕ್ಕ. “ನಮ್ಮ ಕಂಪನ್ಯಾಗ ಆಕಿನೂ ನಾಯಕಿ ಪಾರ್ಟ್ ಮಾಡ್ತಿದ್ಲು. ಒಂದ ಖೋಲ್ಯಾಗ ಇದ್ವಿ, ಒಂದ ಗಂಗಾಳದಾಗ ಉಂಡ್ವಿ. ಸಂಕ್ರಮಣದ ಕಾರ್ಡಿಗೆ ಯಾರ ಫೋಟೋ ಹಾಕಬೇಕು ಅನ್ನೂದರ ಮ್ಯಾಲೆ ಜಗಳಾತು. ಮಾಲಕರು ನಂದು ಹಾಕಿಸಿದ್ರು. ಆಕಿ ಬಾಯಿಗೆ ಬಂದಂಗ ಅಂದು ಕಂಪನಿನ ಬಿಟ್ಟು ಹ್ವಾದ್ಲು.”

“ಮತ್ತ ಇದನ್ನ ಯಾಕ ಒಡೀಲಿಲ್ರಿ?”

“ಒಡದ್ರ ಎಳ್ಳು ತಗೊಂಡಂಗ ಆಗ್ತಿತ್ತಲ್ಲ.” ಲಕೋಟೆಯನ್ನು ತಿರುಗಿಸಿ ನೋಡಿದರು. “ಇನ್ನ ಎಷ್ಟ್ ದಿನ ಹಿಂಗ ಇಟ್ಕೊಂಡು ಕೂಡೂದು? ಒಡೀಲೇನು ತಂಗಿ?”

ಉಗುರು ಆಗಲೇ ಲಕೋಟೆಯ ಅಂಚಿಗೆ ಹೋಗಿತ್ತು. ನಾನು ಕೈ ಹಿಡಿದದ್ದು ಆಗ.

“ಬ್ಯಾಡ್ರಿ ಸುಶೀಲಕ್ಕ. ಒಡದ್ರ ಅದರ ಕಿಮ್ಮತ್ತು ಹೋಗ್ತದ.”

ಯಾವ ಕಿಮ್ಮತ್ತು? ಯಾರಿಗೆ? ಅವರು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಅವರು ಮುಖ ಆಚೆ ತಿರುಗಿಸಿ, “ಹಂಗಾದ್ರ ನೀನ ಇಟ್ಕೋ” ಎಂದರು. ಅವರ ಮನಸ್ಸು ಬದಲಾದೀತೆಂದು ಬ್ಯಾಗಿನ ಜಿಪ್ ಎಳೆದು ಹೊರಟುಬಿಟ್ಟೆ.

ಎಂಟು ತಿಂಗಳು ಅದು ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿತ್ತು. ಮನೆಗೆ ಬಂದವರಿಗೆಲ್ಲ ತೋರಿಸಿ, ‘ಇನ್ನೂ ಒಡೆದೇ ಇಲ್ಲ ನೋಡಿ’ ಎಂದು ಬೀಗಿದೆ.

ಆಮೇಲೆ ಅದೇ ಚಟ ನನ್ನನ್ನು ಕಾಮೋಠೆಗೆ ಎಳೆದೊಯ್ದಿತು. ಅಲ್ಲಿ ಹಳೆಯ ನಟಿಯೊಬ್ಬರು ತಮ್ಮನ ಮಗನ ಮನೆಯಲ್ಲಿದ್ದಾರೆ, ಅವರ ಹತ್ತಿರ ಕಾರ್ಡುಗಳಿರಬಹುದು ಎಂದು ಯಾರೋ ಹೇಳಿದ್ದರು. ಹೋಗಿ ಹೆಸರು ಕೇಳಿದರೆ, ಕಸ್ತೂರಿ. ಅದೇ ಕಸ್ತೂರಿ. ಎಷ್ಟೋ ವರ್ಷದಿಂದ ಇಬ್ಬರೂ ಎರಡು ತಾಸಿನ ದಾರಿಯಲ್ಲಿ, ಒಬ್ಬರಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ಸುಶೀಲಕ್ಕನ ಹೆಸರೆತ್ತಿದೆ. ಕಸ್ತೂರಕ್ಕ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು.

“ಆಕಿಗೆ ನಾ ಒಂದು ಲಕೋಟಿ ಹಾಕಿದ್ದೆ. ಮುಟ್ಟಿತ್ತಂತೇನು?”

ಏನು ಹೇಳಲಿ? ಮುಟ್ಟಿಲ್ಲ ಎಂದರೆ ಸುಳ್ಳು. ಮುಟ್ಟಿದೆ ಎಂದರೆ, ಮೂವತ್ತು ವರ್ಷ ಯಾಕೆ ಉತ್ತರ ಬರಲಿಲ್ಲ ಎನ್ನುತ್ತಾರೆ. ಅದೀಗ ನನ್ನ ಕಪಾಟಿನಲ್ಲಿದೆ ಎಂದು ಹೇಳುವ ಬಾಯಿ ನನಗಿಲ್ಲ. “ಕೇಳಿ ಹೇಳ್ತೀನ್ರಿ” ಎಂದು ಎದ್ದುಬಿಟ್ಟೆ. ನಾಚಿಕೆಯಾಗಿತ್ತು. (ಗೋಡೆಯ ಮೇಲಿದ್ದ ಅವರ ವೇಷದ ಫೋಟೋ ಮೇಲೆ ಕಣ್ಣು ಹೋದದ್ದೂ ನಿಜ.)

ಮುಂದಿನ ಭಾನುವಾರವೇ ಲಕೋಟೆ ಹಿಡಿದು ಡೊಂಬಿವಲಿಗೆ ಓಡಿದೆ. ಕಸ್ತೂರಕ್ಕ ಕಾಮೋಠೆಯಲ್ಲಿದ್ದಾರೆ, ಲಕೋಟೆ ಮುಟ್ಟಿತೇ ಎಂದು ಕೇಳಿದರು ಎಂದೆ. ಸುಶೀಲಕ್ಕ ಕೈ ಚಾಚಿದರು. ಆಗ ನಾನು ಏನು ಮಾಡಿದೆ ಗೊತ್ತೇ? “ಮನ್ಯಾಗ ಬ್ಲೇಡ್ ಅದ ಏನ್ರಿ?” ಎಂದು ಕೇಳಿದೆ. ಸ್ಟ್ಯಾಂಪು ಹರಿಯಬಾರದಲ್ಲ! ಅವರು ಲಕೋಟೆ ಕಿತ್ತುಕೊಂಡು ಪರ್ರನೆ ಹರಿದರು, ಸ್ಟ್ಯಾಂಪಿನ ನಡುವೆಯೇ.

ಒಳಗಿದ್ದದ್ದು ಸುಶೀಲಕ್ಕನದೇ ಫೋಟೋ ಇದ್ದ ಕಾರ್ಡು. ಜಗಳ ಹಚ್ಚಿದ ಅದೇ ಕಾರ್ಡು. ಕಸ್ತೂರಕ್ಕ ಅದನ್ನು ಯಾವುದೋ ಊರಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡಿರಬೇಕು; ಹಿಂದುಗಡೆ ಒಂದೇ ಸಾಲು ಬರೆದಿದ್ದರು: ‘ಫೋಟೋ ಚಲೋ ಬಂದದ.’

ಬಿಳಿ ಕುಸುರೆಳ್ಳು ಹಳದಿಗೆ ತಿರುಗಿತ್ತು. ಸುಶೀಲಕ್ಕ ಒಂದು ಕಾಳು ಬಾಯಿಗೆ ಹಾಕಿಕೊಂಡರು. “ಅಜ್ಜಿ, ಮತ್ ಖಾವ್, ಎಕ್ಸ್‌ಪೈರ್ ಹೋ ಗಯಾ ಹೋಗಾ,” ಎಂದಳು ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು; ತಿನ್ನಬೇಡ, ಕೆಟ್ಟಿರಬೇಕು ಎಂದು. ಅವರಿಗೆ ಕೇಳಿಸಲಿಲ್ಲ. ಅಳುತ್ತಿದ್ದರು.

“ಫೋನ್ ಹಚ್ಚಿ ಕೊಡಲೇನ್ರಿ?” ಎಂದೆ. ನಂಬರು ನನ್ನ ಬಳಿಯೇ ಇತ್ತು.

“ಈಗ ಬ್ಯಾಡ. ಆಕಿಗೆ ಏನು ಅನ್ನಬೇಕು ಅನ್ನೂದು ಮೊದಲ ಬಾಯಿಪಾಠ ಮಾಡ್ಕೋತೀನಿ.”

ಸಾವಿರ ಜನರೆದುರು ಒಂದು ಮಾತೂ ಎಡವದ ಹೆಂಗಸು. ಒಬ್ಬ ಗೆಳತಿಗೆ ಹೇಳುವ ಮಾತಿಗೆ ಇಷ್ಟು ತಾಲೀಮು ಬೇಕೇ?

ಮೂರು ವಾರವಾಯಿತು. ಆಫೀಸಿನಿಂದ ಬರುವಾಗ ಗಾಡಿ ಸಾನಪಾಡಾ ಸ್ಟೇಷನ್ ದಾಟುತ್ತಲೇ ದಿನವೂ ಡೊಂಬಿವಲಿಗೆ ಫೋನ್ ಮಾಡುತ್ತೇನೆ. “ಮಾತಾಡಿದ್ರೇನ್ರಿ?” “ಇನ್ನೂ ಬಾಯಿಗೆ ಬಂದಿಲ್ಲ ತಂಗಿ.” ಅತ್ತ ಕಾಮೋಠೆಯಿಂದ ಕಸ್ತೂರಕ್ಕ ನನಗೆ ಎರಡು ಸಲ ಫೋನ್ ಮಾಡಿದ್ದಾರೆ. ನಾನು ಎತ್ತಿಲ್ಲ. ಎತ್ತಿ ಏನು ಹೇಳುವುದು? ಇಬ್ಬರಿಗೂ ಎಪ್ಪತ್ತು ದಾಟಿದೆ. ಅವತ್ತು ಆ ಉಗುರನ್ನು ನಾನು ತಡೆಯದಿದ್ದರೆ, ಕಸ್ತೂರಿಯನ್ನು ಹುಡುಕಿಕೊಡು ಎಂದು ಸುಶೀಲಕ್ಕ ಅವತ್ತೇ ಹೇಳುತ್ತಿದ್ದರು. ಆ ವಯಸ್ಸಿನವರ ಎಂಟು ತಿಂಗಳನ್ನು ನಾನು ಆಲ್ಬಮ್ಮಿನಲ್ಲಿ ಸಿಕ್ಕಿಸಿ ಇಟ್ಟಿದ್ದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ನಿಮ್ಮ ಮನೆಯಲ್ಲೂ ಒಡೆಯದ ಲಕೋಟೆ ಇದ್ದರೆ, ದಯವಿಟ್ಟು ನನಗೆ ಕೊಡಬೇಡಿ.