ನಡಾವಳಿ ಪುಸ್ತಕದ ಹಸಿರು ದಾರ

ಬೆಳಗಿನ ಆರೂಕಾಲು. ಪುರಸಭೆಯ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಮಹಡಿಯ ಮೂಲೆಯ ಕೋಣೆಯಲ್ಲಿ ಆಗಲೇ ಟಕಟಕ ಸದ್ದು. ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಅಲ್ಲಿ ಕೂತು ಟೈಪ್ ಮಾಡುವಾಕೆಯನ್ನು ಇಡೀ ಕಚೇರಿ ಕರೆಯುವುದೇ ‘ಟಕಟಕ ಅಕ್ಕ’ ಎಂದು. ಸಭೆಯಲ್ಲಿ ಯಾವ ಸದಸ್ಯರು ಏನು ಹೇಳಿದರು, ಯಾವುದಕ್ಕೆ ಕೈ ಎತ್ತಿದರು ಎಂಬ ನಡಾವಳಿಯನ್ನು ಶೀಘ್ರಲಿಪಿಯಲ್ಲಿ ಹಿಡಿದು ಟೈಪ್ ಮಾಡುವವರು ಇಪ್ಪತ್ತಾರು ವರ್ಷಗಳಿಂದ ಇವರೇ. ಇವತ್ತು ಮಾತ್ರ ಬೆರಳು ಓಡುತ್ತಿಲ್ಲ. ಅರ್ಧ ಸಾಲು ಹೊಡೆಯುತ್ತಾರೆ, ಅಳಿಸುತ್ತಾರೆ, ಎದ್ದು ಕಿಟಕಿ ತೆರೆಯುತ್ತಾರೆ, ಮತ್ತೆ ಮುಚ್ಚುತ್ತಾರೆ.

ಮೇಜಿನ ಮೇಲೊಂದು ಮೆಮೊ ಇದೆ. ನಡಾವಳಿಯಲ್ಲಿ ತಪ್ಪು ದಾಖಲಿಸಿದ್ದೀರಿ, ಇಂದು ಹತ್ತು ಗಂಟೆಯೊಳಗೆ ವಿವರಣೆ ಕೊಡಿ. ಇಷ್ಟು ವರ್ಷಗಳಲ್ಲಿ ಬಂದ ಮೊದಲ ಮೆಮೊ. ನಿವೃತ್ತಿಗೆ ಉಳಿದಿರುವುದು ಹದಿನಾಲ್ಕು ತಿಂಗಳು. ಮೆಮೊ ಸುದ್ದಿ ಕೇಳಿ ಬಂದು ಎದುರಿಗೆ ಕೂತ ನನ್ನ ಕಡೆ ಅಕ್ಕ ತಿರುಗುತ್ತಾರೆ.

“ಎರಡು ದಿನದಿಂದ ಮಗಳದ್ದು ಒಂದೇ ರಾಗ. ಅಮ್ಮಾ, ಕೈತಪ್ಪಿನಿಂದ ಆಯ್ತು ಅಂತ ಒಪ್ಕೊಂಡು ಸಹಿ ಹಾಕ್ಬಿಡು, ಪೀಡೆ ಕಳೀಲಿ ಅಂತಾಳೆ. ಅವಳು ಹೇಳೋದೂ ಸರಿ. ಆದ್ರೆ ನಾನು ತಪ್ಪು ಬರ್ದೇ ಇಲ್ವಲ್ಲ!”

ತಿಂಗಳಿಗೊಂದು ಸಭೆ, ಸಭೆಗೆ ಸುಮಾರು ನಲವತ್ತು ಪುಟ, ಮೂರು ಪ್ರತಿ. ಒಂದು ಅಧ್ಯಕ್ಷರಿಗೆ, ಒಂದು ಕಡತಕ್ಕೆ. ಮೂರನೆಯದು ಊರಿನ ಗ್ರಂಥಾಲಯದ ಮೇಜಿಗೆ, ಸಾರ್ವಜನಿಕರು ಓದಿ ಆಕ್ಷೇಪಣೆ ಸಲ್ಲಿಸಲಿ ಎಂದು. ಜನ ಮುಗಿಬೀಳುತ್ತಾರೆ ಅಂದುಕೊಂಡು ಅಕ್ಕ ಮೊದಲ ವರ್ಷ ಪ್ರತಿ ಪುಟವನ್ನೂ ಎರಡೆರಡು ಸಲ ತಿದ್ದಿದರಂತೆ. ಒಬ್ಬರೂ ಕ್ಯಾರೇ ಅನ್ನಲಿಲ್ಲ. ಆಮೇಲೆ ಒಂದು ಉಪಾಯ ಮಾಡಿದರು. ಮೂರನೇ ಪುಟದ ನಡುವೆ ಒಂದೆಳೆ ಹಸಿರು ದಾರ ಇಡುವುದು, ತಿಂಗಳ ಕೊನೆಗೆ ಹೋಗಿ ನೋಡುವುದು. ದಾರ ಇಟ್ಟಲ್ಲೇ ಇರುತ್ತಿತ್ತು.

“ಒಂದ್ಸಲ ಬಿದ್ದೋಗಿತ್ತು. ಅಯ್ಯೋ, ಯಾರೋ ಪುಣ್ಯಾತ್ಮರು ಓದಿದ್ರು ಅಂತ ಕುಣಿದಾಡ್ಬಿಟ್ಟೆ. ನೋಡಿದ್ರೆ ಸ್ಟ್ಯಾಂಡು ಫ್ಯಾನು ಅಲ್ಲಾಡುತ್ತೆ ಅಂತ ಪುಸ್ತಕಾನ ಅದರ ಕಾಲಿಗೆ ಕೊಟ್ಟಿದ್ರು!” ಅಕ್ಕ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಯಾಕೆಂದರೆ ಇದೇ ಊರಿನ ಮತದಾರ ನಾನು. ಮೂರು ಚುನಾವಣೆಯಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಮೀಸೆ ತಿರುವಿದ್ದೇನೆ. ನಮ್ಮ ಸದಸ್ಯರ ಕಾರಿನ ಬಣ್ಣ ಗೊತ್ತು, ಅವರ ತಮ್ಮನ ಜಗಳ ಗೊತ್ತು, ಅವರು ಯಾವಾಗಿನಿಂದ ತಲೆಗೂದಲಿಗೆ ಬಣ್ಣ ಹಾಕುತ್ತಿದ್ದಾರೆ ಎಂಬುದೂ ಗೊತ್ತು. ಚಹಾದಂಗಡಿಯಲ್ಲಿ ಕೂತು ಸರ್ಕಾರವನ್ನೇ ಬೀಳಿಸಿ ಎಬ್ಬಿಸುತ್ತೇನೆ. ನಮ್ಮ ಬೀದಿಯ ಬಗ್ಗೆ ಅವರು ಸಭೆಯಲ್ಲಿ ಬಾಯಿಬಿಟ್ಟು ಏನು ಹೇಳಿದರು ಎಂದು ಕೇಳಿದರೆ ಬೆಬ್ಬೆಬ್ಬೆ. ಥೂ, ನಾಚಿಕೆಯಾಗಬೇಕು.

ಓದಿದವರು ಕೊನೆಗೂ ಒಬ್ಬರು ಬಂದರು. ಗ್ರಂಥಾಲಯದ ಎದುರಿನ ಟೈಲರಣ್ಣ. ಕಳೆದ ತಿಂಗಳು ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು, ಮೆಷಿನ್ನು ನಿಂತಿತ್ತು. “ಪೇಪರೆಲ್ಲ ಬೇರೆಯವ್ರ ಕೈಲಿತ್ತು ಸಾರ್. ಸುಮ್ನೆ ಕೂರೋ ಬದ್ಲು ಇದನ್ನ ಎತ್ಕೊಂಡೆ. ನಮ್ಮ ಬೀದೀಲಿ ಎಂಟು ದೀಪ ಹಾಕ್ಸಿದೀನಿ ಅಂತ ಸದಸ್ಯರು ಹೇಳಿದ್ದು ಇತ್ತು. ಇರೋದು ಐದೇ! ಸಂಜೆ ಅದೇ ಬೆಳಕಲ್ಲಿ ಗುಂಡಿ ಹಾಕೋನು ನಾನು, ನಂಗೆ ಗೊತ್ತಿಲ್ವಾ?” ಅಳತೆ ಚೀಟಿಯ ಹಿಂಬದಿಯಲ್ಲೇ ಆಕ್ಷೇಪಣೆ ಬರೆದು ಕೊಟ್ಟರು.

ಸದಸ್ಯರು ಸಲೀಸಾಗಿ ಜಾರಿಕೊಂಡರು. ನಾನು ಐದು ಅಂತಲೇ ಹೇಳಿದ್ದು, ಟೈಪಿಂಗ್ ತಪ್ಪು ಎಂದರು. ಹಾಗೆ ಬಂತು ಮೆಮೊ. ಅಕ್ಕ ತಪ್ಪು ಒಪ್ಪಿಕೊಂಡರೆ ಎಂಟನ್ನು ಐದು ಮಾಡಿ ಕಡತ ಮುಚ್ಚುತ್ತಾರೆ. ಎಂಟು ಅಂದಿರಲ್ಲ, ಉಳಿದ ಮೂರು ದೀಪ ಎಲ್ಲಿ ಎಂದು ಸದಸ್ಯರನ್ನು ಇನ್ನು ಯಾರೂ ಕೇಳುವಂತಿಲ್ಲ.

ಅಕ್ಕ ಶೀಘ್ರಲಿಪಿ ಪುಸ್ತಕ ನನ್ನ ಮುಂದೆ ಹಿಡಿಯುತ್ತಾರೆ. ನನಗೆ ಬರೀ ಗೀಟು ಕಾಣುತ್ತದೆ. “ಇದು ಎಂಟು. ಪಕ್ಕದಲ್ಲೇ ನೋಡಿ, ಚಪ್ಪಾಳೆ ಅಂತಲೂ ಬರ್ದಿದೀನಿ. ಮಂಜೂರಾಗಿದ್ದು ಎಂಟು ದೀಪ. ಐದು ಹಾಕ್ಸಿದ್ದಕ್ಕೆ ಯಾರು ಚಪ್ಪಾಳೆ ತಟ್ತಾರೆ?”

ಒಂಬತ್ತೂವರೆಗೆ ಉತ್ತರ ಸಿದ್ಧ. ‘ಸಭೆಯಲ್ಲಿ ಹೇಳಿದ್ದು ಎಂಟು, ನಾನು ಬರೆದದ್ದೂ ಎಂಟು. ಶೀಘ್ರಲಿಪಿ ಪುಸ್ತಕ ಲಗತ್ತಿಸಿದೆ.’ ಸಹಿ ಹಾಕಿ, ಮೆಮೊ ಕೊಟ್ಟ ಅಧಿಕಾರಿಯ ಮೇಜಿಗೆ ಒಯ್ದು ಇಡುತ್ತಾರೆ. ಅಧಿಕಾರಿ ತಲೆಯೆತ್ತದೆ ಕೇಳುತ್ತಾರೆ, “ಯೋಚ್ನೆ ಮಾಡಿದ್ರಾ ಮೇಡಂ? ಪಿಂಚಣಿ ಹತ್ರ ಇದೆ.”

“ಮಾಡ್ದೆ ಸಾರ್. ಎರಡು ದಿನ ಅದೇ ಮಾಡ್ದೆ.”

ಈ ತಿಂಗಳ ನಡಾವಳಿಯ ಒಂದು ಪ್ರತಿ ಗ್ರಂಥಾಲಯಕ್ಕೂ ಹೋಗಬೇಕು. ಅಕ್ಕ ಬಿರಬಿರನೆ ನಡೆಯುತ್ತಾರೆ, ನಾನು ಏದುಸಿರು ಬಿಡುತ್ತಾ ಹಿಂದೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಟೈಲರಣ್ಣ ಬಾಗಿಲಲ್ಲೇ ಕಾಯುತ್ತಿದ್ದಾರೆ. ಮುಖ ಸಪ್ಪಗಿದೆ.

“ಅಕ್ಕಾ, ನನ್ನಿಂದ ನಿಮ್ಗೆ ತೊಂದ್ರೆ ಆಯ್ತಂತಲ್ಲ. ಸುಮ್ನಿರಬೇಕಿತ್ತು ನಾನು.” ಜೇಬಿನಿಂದ ಏನೋ ತೆಗೆಯುತ್ತಾರೆ. “ಇದು ಆ ಪುಸ್ತಕದೊಳಗಿತ್ತು. ಯಾರ್ದೋ ಬಿದ್ದೋಗಿದೆ ಅಂತ ಎತ್ತಿಟ್ಕೊಂಡಿದ್ದೆ.”

ಹಸಿರು ದಾರ. ಅಕ್ಕ ಅದನ್ನು ನೋಡುತ್ತಾ ನಿಂತುಬಿಡುತ್ತಾರೆ. ಕಣ್ಣು ತುಂಬಿಕೊಳ್ಳುತ್ತದೆ.

“ನಿಮ್ಮ ಹತ್ರಾನೇ ಇರ್ಲಿ ಟೈಲರಣ್ಣ, ನಂಗಿನ್ನು ಬೇಡ.” ಹೊಸ ಪ್ರತಿಯನ್ನು ಅವರ ಕೈಗಿಡುತ್ತಾರೆ. “ನಿಧಾನಕ್ಕೆ ಓದಿ. ತಪ್ಪು ಕಂಡ್ರೆ ಬರ್ದು ಕೊಡಿ, ನಂದೇ ಆದ್ರೂ ಸರಿ.”